ಅರವತ್ತು ಪರ್ಸೆಂಟ್ ಗಾಳಿ

ಕುಕನೂರಿನ ಪಕ್ಕೀರವ್ವ ಆಡುವ ಮಾತಿನಲ್ಲಿ ಮೊದಲರ್ಧ ಮಾತ್ರ ಊರಿಗೆ ಸಿಗುತ್ತಿತ್ತು. ಉಳಿದರ್ಧ ಆಕೆಯ ಎದೆಯಲ್ಲೇ ಉಳಿಯುತ್ತಿತ್ತು. ಹರೆಯದಿಂದಲೂ ಕಟ್ಟಿಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದವಳು. ಒಂದು ಇಡೀ ವಾಕ್ಯಕ್ಕೆ ಸಾಲುವಷ್ಟು ಉಸಿರನ್ನು ಹೊಗೆ ಉಳಿಸಿರಲಿಲ್ಲ. ಮಾತು ಶುರುವಾಗುತ್ತಿತ್ತು, ನಡುವೆ ಕೆಮ್ಮು ಬರುತ್ತಿತ್ತು, ಕೆಮ್ಮು ಮುಗಿಯುವುದರೊಳಗೆ ಕೇಳುತ್ತಿದ್ದವರು ತಮಗೆ ಹೊಳೆದಂತೆ ಮಾತನ್ನು ಪೂರ್ತಿ ಮಾಡಿಕೊಂಡು ಎದ್ದು ಹೋಗಿರುತ್ತಿದ್ದರು.

ಆಕೆಯ ಅಳಿಯ ಹಾಲೇಶ ಇಂಜಿನಿಯರ್ ಆದದ್ದು ಹೀಗೆಯೇ. ಮಗಳು ಗೀತಾಳ ಮದುವೆ ಗೊತ್ತಾದಾಗ ಓಣಿಯವರು, "ಅಳಿಯ ಏನ್ ಮಾಡ್ತಾನಬೇ?" ಎಂದು ಕೇಳಿದ್ದರು. "ಕೊಪ್ಪಳದಾಗ ಇಂಜಿನಿಯರ್..." ಎನ್ನುವಷ್ಟರಲ್ಲಿ ಪಕ್ಕೀರವ್ವನಿಗೆ ಕೆಮ್ಮು ಬಂತು. "ಆಫೀಸಿನ್ಯಾಗ ಗುಮಾಸ್ತ ಅದಾನ" ಎನ್ನುವ ಭಾಗ ಹೊರಗೆ ಬರಲೇ ಇಲ್ಲ. ಓಣಿಯವರು ತುಂಬ ಸಂತೋಷಪಟ್ಟು, ಅದೇ ಸಂಜೆಯೊಳಗೆ ಸುದ್ದಿಯನ್ನು ಬಸ್‌ಸ್ಟ್ಯಾಂಡಿನವರೆಗೆ ಮುಟ್ಟಿಸಿದರು.

ಹಾಲೇಶ ತಿದ್ದಬಹುದಿತ್ತು. ಗೀತಾ ಎಷ್ಟೋ ಸಲ, "ರೀ, ನಾನಲ್ಲ ಅಂತ ಒಂದ ಮಾತು ಹೇಳಿಬಿಡ್ರಿ" ಎಂದಿದ್ದಳು. ಆದರೆ ಕೊಪ್ಪಳದ ಆಫೀಸಿನಲ್ಲಿ ಪ್ಯೂನ್ ಕೂಡ ಅವನನ್ನು "ಏ ಹಾಲೇಶ" ಎಂದು ಕರೆಯುತ್ತಿದ್ದ. ಕುಕನೂರಿನಲ್ಲಿ ಬಸ್ಸಿಳಿದರೆ ಚಹಾದಂಗಡಿಯವನು ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿ "ಕೂಡ್ರಿ ಸಾಹೇಬ್ರ" ಎನ್ನುತ್ತಿದ್ದ. ಒರೆಸಿಕೊಟ್ಟ ಕುರ್ಚಿಯಲ್ಲಿ ಕೂತುಕೊಂಡು ಸತ್ಯ ಹೇಳಲು ಮನುಷ್ಯ ಬಹಳ ಗಟ್ಟಿಗನಾಗಿರಬೇಕು. ಹಾಲೇಶ ಸಾಧಾರಣ ಮನುಷ್ಯ, ಅವನಿಗೆ ಚಹಾ ಅಂದರೆ ಪ್ರೀತಿ.

ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆದುಕೊಂಡು ಹೋಗುತ್ತಿದ್ದ ಇಂಜಿನಿಯರಿಕೆಗೆ ಈ ವರ್ಷದ ಆಷಾಢದಲ್ಲಿ ಕೆಲಸ ಬಂತು. ಡಾಕ್ಟರು ಪಕ್ಕೀರವ್ವನ ಎದೆ ಪರೀಕ್ಷೆ ಮಾಡಿ, "ಅಡಿಗಿಮನಿ ಹೊಗಿ ಹೋಗಬೇಕು, ಇಲ್ಲಾ ನೀವು ಅಡಿಗಿಮನಿ ಬಿಡಬೇಕು" ಎಂದರು. ಕುಷ್ಟಗಿಯಲ್ಲಿ ಸಾಲಿ ಮಾಸ್ತರನಾಗಿರುವ ಮಗ ಕಾಶಿನಾಥ ಓಡಿ ಬಂದ. ಅವನಿಗೆ ತಾಯಿಯ ಮೇಲೆ ಅಪಾರ ಪ್ರೀತಿ, ಅದು ಯಾವಾಗಲೂ ಸಿಟ್ಟಿನ ರೂಪದಲ್ಲಿಯೇ ಬರುತ್ತಿತ್ತು.

"ಅವ್ವಾ, ಪಂಚಮಿ ಮುಂದ ರೊಟ್ಟಿ ಹಬ್ಬಕ್ಕ ಬರ್ತೀನಿ. ಅಷ್ಟರಾಗ ಹೊಗಿ ಹೋಗಿದ್ದಿಲ್ಲಂದ್ರ ಈ ಒಲಿ ಕಿತ್ತು ಒಗದು, ನಿನ್ನ ಕುಷ್ಟಗಿಗೆ ಕರಕೊಂಡ ಹೋಗಾಂವ ನಾನು!"

"ಅಲ್ಲಿ ನಾ ಕುಂತು ಏನ್..." ಎಂದಳು ಪಕ್ಕೀರವ್ವ, ಕೆಮ್ಮಿದಳು. ಏನು ಮಾಡಲಿ ಎಂದೇ ಕೇಳಿದ್ದಿರಬೇಕು. ಆಕೆಯ ರೊಟ್ಟಿ ಕೇಂದ್ರದಲ್ಲಿ ಓಣಿಯ ನಾಲ್ಕೈದು ಹೆಂಗಸರು ದುಡಿಯುತ್ತಿದ್ದರು. ಯಲಬುರ್ಗಾದ ಮದುವೆಗಳಿಗೂ ರೊಟ್ಟಿ ಅಲ್ಲಿಂದಲೇ ಹೋಗುತ್ತಿತ್ತು. ಗ್ಯಾಸಿನ ಮೇಲೆ ಸುಟ್ಟ ರೊಟ್ಟಿಯನ್ನು ಗಿರಾಕಿಗಳು ಒಮ್ಮೆ ತಿಂದು ನೋಡಿ ಮತ್ತೆ ಬಂದಿರಲಿಲ್ಲ. ಒಲೆ ಹೋದರೆ ಪಕ್ಕೀರವ್ವನಿಗೆ ಉಸಿರು ಉಳಿದೀತು, ಆದರೆ ಬೆಳಗಾದರೆ ಏಳಲು ಕಾರಣ ಉಳಿಯುತ್ತಿರಲಿಲ್ಲ.

ಪಡುವಣ ಗೋಡೆಯ ಆಚೆ ಇರುವ ದ್ಯಾಮಣ್ಣ ಇದನ್ನೆಲ್ಲ ಕೇಳಿಸಿಕೊಂಡು, ಬೇಲಿಯ ಮೇಲಿಂದ ತಲೆ ಎತ್ತಿ, "ಮನ್ಯಾಗ ಇಂಜಿನಿಯರ್ ಅಳಿಯನ್ನ ಇಟಗೊಂಡು ಹೊಗಿ ಕುಡಿತೀಯಲ್ಲಬೇ ಯಕ್ಕಾ?" ಎಂದ. ಓಣಿಯೆಲ್ಲ ಹೌದೆಂದಿತು.

ಹಾಲೇಶ ತನ್ನ ಆಫೀಸಿನ ನಿಜವಾದ ಇಂಜಿನಿಯರರನ್ನು ಕೇಳಿದ. ಅವರು ಫೈಲಿನಿಂದ ತಲೆ ಎತ್ತದೆ, "ರಸ್ತೆ ವಿಷಯ ಇದ್ರ ಕೇಳಪಾ" ಎಂದರು. ಆದ್ದರಿಂದ ಗಾಳಿಯ ವಿಷಯ ಪೂರ್ತಿಯಾಗಿ ಗುಮಾಸ್ತನ ಪಾಲಿಗೆ ಬಿತ್ತು.

ದೊಡ್ಡದೊಂದು ಎಕ್ಸಾಸ್ಟ್ ಫ್ಯಾನು ಕೊಪ್ಪಳದಿಂದ ಬಸ್ಸಿನ ಮೇಲೆ ಬಂತು. ಅಡಿಗೆಮನೆಯ ಮೂಡಣ ಗೋಡೆಗೆ ದೇವರ ಜಗಲಿ ಇತ್ತು. ಅದನ್ನು ಮುಟ್ಟುವ ಮಾತೇ ಇಲ್ಲ. ತೆಂಕಣಕ್ಕೆ ಬಾಗಿಲು, ಬಡಗಣಕ್ಕೆ ಕಟ್ಟಿಗೆಯ ಒಟ್ಟಿಲು. ಹೀಗಾಗಿ ವಯರಿಂಗಿನ ರಫೀ ಪಡುವಣ ಗೋಡೆಗೆ ಕಂಡಿ ಹೊಡೆದು ಫ್ಯಾನು ಕೂಡಿಸಿದ. ಬಟನ್ ಒತ್ತಿದೊಡನೆ ಅದು ಗೋಡೆಯನ್ನೇ ಕಿತ್ತುಕೊಂಡು ಹೋಗುವಂತೆ ಭೋರೆಂದಿತು. ಹೊಗೆ ಒಂದೇ ಗುಕ್ಕಿಗೆ ಹೋಯಿತು. ಹೊಗೆಯ ಹಿಂದೆ ಹಿಟ್ಟು ನಾದುವ ಕೊಣಮಿಗೆಯೊಳಗಿನ ಹಿಟ್ಟೂ ಹೋಯಿತು, ಒಲೆಯ ಉರಿ ಅತ್ತ ವಾಲಿತು, ಹಂಚು ತಣ್ಣಗಾಗಿ ರೊಟ್ಟಿ ಉಬ್ಬಲಿಲ್ಲ.

"ರೊಟ್ಟಿ ಉಬ್ಬಲಿಲ್ಲಂದ್ರ ಅದು ರೊಟ್ಟಿ..." ಎಂದು ಪಕ್ಕೀರವ್ವ ಕೆಮ್ಮಿದಳು. ಅಲ್ಲ ಎಂಬುದು ಎಲ್ಲರಿಗೂ ತಿಳಿಯಿತು.

ರಫೀ ಕಿಸೆಯಿಂದ ಒಂದು ರೆಗ್ಯುಲೇಟರ್ ತೆಗೆದ. "ಇದರಾಗ ಒಂದರಿಂದ ಐದು ನಂಬರ್ ಅದಾವ ಸಾಹೇಬ್ರ. ಐದಕ್ಕಿಟ್ರ ಪೂರಾ ಕರೆಂಟು. ಇಳಿಸ್ಕೋತ ಬಂದ್ರ ವೋಲ್ಟೇಜ್ ಇಳಿತೈತಿ, ಫ್ಯಾನು ನಿಧಾನಕ್ಕ ತಿರಗತೈತಿ. ಮೂರಕ್ಕ ಇಡೋಣೇನ್ರಿ? ಮೂರಕ್ಕ ಗಾಳಿ ಎಷ್ಟ ಹೋಗತೈತ್ರಿ?"

ಅಡಿಗೆಮನೆಯೆಲ್ಲ ಹಾಲೇಶನ ಮುಖ ನೋಡಿತು. ಹಾಲೇಶ ಕಣ್ಣು ಮುಚ್ಚಿ ಲೆಕ್ಕ ಮಾಡಿದ. ಐದರಲ್ಲಿ ಮೂರು. "ಅರವತ್ತು ಪರ್ಸೆಂಟ್" ಎಂದ.

ಆ ಮಾತಿನ ಪರಿಣಾಮ ಅವನಿಗೇ ಆಶ್ಚರ್ಯವಾಗುವಷ್ಟಿತ್ತು. ಹೆಂಗಸರು ಗಲ್ಲಕ್ಕೆ ಕೈಹಚ್ಚಿದರು. ರಫೀ ಸ್ಕ್ರೂಡ್ರೈವರ್ ಕೆಳಗಿಟ್ಟ. ಗಾಳಿಯನ್ನು ಕಣ್ಣಿಂದ ಕಂಡವರಿಲ್ಲ, ಅಳೆದವರಂತೂ ಆ ಓಣಿಯಲ್ಲಿ ಹುಟ್ಟಿಯೇ ಇರಲಿಲ್ಲ. ಇಲ್ಲೊಬ್ಬ ಕಣ್ಣು ಮುಚ್ಚಿ ಕಣ್ಣು ತೆರೆಯುವುದರೊಳಗೆ ಅಳೆದು ಹೇಳಿದ್ದ. ಸಂಜೆಯ ಹೊತ್ತಿಗೆ ಚಹಾದಂಗಡಿಯಲ್ಲಿ ಮಳೆಯೂ ಅರವತ್ತು ಪರ್ಸೆಂಟ್ ಆಗಿತ್ತು, ಕಡಲೆ ಬೆಳೆಯೂ ಅರವತ್ತು ಪರ್ಸೆಂಟ್ ಬರುವುದಿತ್ತು.

ಆದರೆ ಹಾಲೇಶ ಮೋಸಗಾರನಲ್ಲ, ಗೊಂದಲಗಾರ ಅಷ್ಟೇ. ಅರವತ್ತು ನಿಜವೋ ಅಲ್ಲವೋ ಎಂಬ ಹುಳ ತಲೆಯಲ್ಲಿ ಕೊರೆಯತೊಡಗಿತು. ಮುಂದಿನ ಭಾನುವಾರ ಬೆಳಿಗ್ಗೆ ಅವನಿಗೊಂದು ಉಪಾಯ ಹೊಳೆಯಿತು. ಅವನ ಹುಟ್ಟೂರು ಸಿದ್ದಾಪುರ. ಅಪ್ಪ ಕಣದಲ್ಲಿ ಭತ್ತ ತೂರುವುದನ್ನು ನೋಡಿ ಬೆಳೆದವನು. ಗಾಳಿ ಎಷ್ಟಿದೆ ಎಂದು ಅಪ್ಪ ಯಾವ ಯಂತ್ರದಲ್ಲೂ ನೋಡುತ್ತಿರಲಿಲ್ಲ, ಹೊಟ್ಟು ಎಷ್ಟು ದೂರ ಬಿತ್ತೆಂದು ನೋಡುತ್ತಿದ್ದ. ಹಾಲೇಶ ಒಂದು ಮೊರದ ತುಂಬ ಜೋಳದ ಹೊಟ್ಟು ತೆಗೆದುಕೊಂಡು, ದ್ಯಾಮಣ್ಣನ ಹಿತ್ತಲಿಗೆ ಹೋಗಿ, ಫ್ಯಾನಿನ ಮುಂದೆ ಏಣಿ ಹತ್ತಿ ನಿಂತ.

"ಐದಕ್ಕ ಇಡು!" ಎಂದು ಗೀತಾಳಿಗೆ ಕೂಗಿ ಹೊಟ್ಟು ಸುರಿದ. ಅದು ಹಾರಿ ಆಕಳು ಕಟ್ಟುವ ಗೂಟದ ಹತ್ತಿರ ಬಿತ್ತು. "ಮೂರಕ್ಕ ಇಡು!" ಈ ಸಲ ಅರ್ಧ ದಾರಿ ದಾಟಿ ಬಿತ್ತು. ಹೆಜ್ಜೆ ಹಾಕಿ ಅಳೆದ. ಹೆಜ್ಜೆಯನ್ನು ಚೂರು ಚಿಕ್ಕದು ಮಾಡಿದರೆ ಅರವತ್ತಕ್ಕೆ ಸರಿ ಹೋಗುತ್ತಿತ್ತು, ಹಾಲೇಶ ಚಿಕ್ಕದು ಮಾಡಿದ. ಗೂಟದಿಂದ ಮನೆಯವರೆಗಿನ ಆ ಅರ್ಧ ದಾರಿಯಲ್ಲಿ ದ್ಯಾಮಣ್ಣನ ಹೆಂಡತಿ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದಳು ಎಂಬುದು ಆಮೇಲೆ ಗಮನಕ್ಕೆ ಬಂತು.

"ಇದೇನ್ರೀ ಇಂಜಿನಿಯರ, ಸಂಡಿಗಿ ಮ್ಯಾಲ ಹೊಟ್ಟು ತೂರೀರಿ! ತಿನ್ನಾವರು ನಾವೋ ಆಕಳೋ?" ಎಂದು ದ್ಯಾಮಣ್ಣ ಹಾರಾಡಿದ.

"ಬೆಳಿಗ್ಗೆ ಗಾಳಿ ಇಲ್ಲದಾಗ ಮಾಡಬೇಕು ದ್ಯಾಮಣ್ಣ, ಇದು ಶಾಸ್ತ್ರ."

"ನಮ್ಮ ಸಂಡಿಗಿಗೂ ಶಾಸ್ತ್ರ ಐತ್ರಿ!"

ಮಧ್ಯಾಹ್ನ ಹಾಲೇಶ ಮರೆತುಬಂದ ಮೊರ ತರಲು ಮತ್ತೆ ಹಿತ್ತಲಿಗೆ ಹೋದ. ಅಷ್ಟೊತ್ತಿಗೆ ಆಷಾಢದ ಪಡುವಣ ಗಾಳಿ ಎದ್ದಿತ್ತು. ಎರೆಹೊಲಗಳ ಮೇಲೆ ತಡೆಯೇ ಇಲ್ಲದೆ ಬರುವ ಗಾಳಿ. ಫ್ಯಾನು ಮೂರರಲ್ಲಿ ತಿರುಗುತ್ತಲೇ ಇತ್ತು. ಉಳಿದಿದ್ದ ಹಿಡಿ ಹೊಟ್ಟನ್ನು ಸುಮ್ಮನೆ ಅದರ ಮುಂದೆ ಚೆಲ್ಲಿದ. ಹೊಟ್ಟು ಮುಂದಕ್ಕೆ ಹೋಗಲಿಲ್ಲ. ಗಾಳಿಯಲ್ಲಿ ಒಂದಿಷ್ಟು ಗಿರಕಿ ಹೊಡೆದು, ಫ್ಯಾನಿನ ರೆಕ್ಕೆಗಳ ಸಂದಿಯಿಂದ ಒಳಗೆ ಹೋಯಿತು. ಒಳಗಿನಿಂದ ಪಕ್ಕೀರವ್ವನ ಕೆಮ್ಮು ಕೇಳಿಸಿತು.

ಹಾಲೇಶನಿಗೆ ಅರ್ಥವಾಯಿತು. ಬೆಳಗಿನ ಅರವತ್ತು ಮಧ್ಯಾಹ್ನದ ಅರವತ್ತಲ್ಲ. ಬಲ ಕಡಿಮೆ ಮಾಡಿದ ಫ್ಯಾನಿಗೆ ಎದುರುಗಾಳಿಯನ್ನು ತಳ್ಳುವ ಕಸುವಿಲ್ಲ; ಅದು ತಿರುಗುವುದೇ ಬೇರೆ, ಗಾಳಿ ಸಾಗಿಸುವುದೇ ಬೇರೆ. ಗೋಡೆಯೇ ತಪ್ಪು. ಸರಿಯಾದ ಗೋಡೆಯಲ್ಲಿ ಅತ್ತೆಯ ದೇವರಿತ್ತು, ತಪ್ಪು ಗೋಡೆಯಲ್ಲಿ ತನ್ನ ಅರವತ್ತಿತ್ತು. ಎರಡರಲ್ಲಿ ಯಾವುದನ್ನು ಅಲುಗಿಸುವುದಕ್ಕೂ ಅವನಿಗೆ ಧೈರ್ಯವಾಗಲಿಲ್ಲ. ಮುಖದ ಮೇಲಿನ ಹೊಟ್ಟು ತೊಳೆದುಕೊಂಡು ಕೊಪ್ಪಳದ ಬಸ್ಸು ಹತ್ತಿದ.

ಸಂಡಿಗೆಯ ಸಿಟ್ಟು ತಣ್ಣಗಾಗಲಿಲ್ಲ. ದ್ಯಾಮಣ್ಣ ಕರೆಂಟ್ ಆಫೀಸಿಗೆ ಹೋಗಿ, "ಇವರ ಫ್ಯಾನು ಬಂದಾಗಿಂದ ನಮ್ಮನಿ ಬಲ್ಬು ಕೆಂಪಗ ಉರಿತೈತಿ, ಓಣಿ ವೋಲ್ಟೇಜೆಲ್ಲ ಅದ ನುಂಗತೈತಿ" ಎಂದು ದೂರು ಕೊಟ್ಟ. ಮುಂದಿನ ಭಾನುವಾರ ಲೈನ್‌ಮನ್ ಲಕ್ಷ್ಮಣಪ್ಪ ಕಂಬ ಹತ್ತುವ ಹಗ್ಗ ಹೆಗಲಿಗೆ ಹಾಕಿಕೊಂಡು ಬಹಳ ಬಿರುಸಿನಿಂದ ಬಂದ. "ಯಾರು ಇದನ್ನ ಹಚ್ಚಿದಾವರು?" ಎಂದು ಗದರಿದ. ಓಣಿಯವರು ಹಾಲೇಶನನ್ನು ತೋರಿಸಿ, ಹೇಳಬೇಕಾದ್ದನ್ನು ಹೇಳಿದರು. ಲಕ್ಷ್ಮಣಪ್ಪ ತಲೆಯ ಟೊಪ್ಪಿಗೆ ತೆಗೆದ.

"ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಫ್ಯಾನಿಂದ ಏನೂ ಆಗೂದಿಲ್ರಿ, ಈ ಟ್ರಾನ್ಸ್‌ಫಾರ್ಮರಿಗೆ ಗಿರಣಿ ಭಾಳ ಆಗ್ಯಾವು. ಹಬ್ಬ ಬಂತಂದ್ರ ಹಿಟ್ಟಿನ ಗಿರಣಿ ಎಲ್ಲಾ ಒಮ್ಮಿಗೇ ಹೊಡಿತಾವು, ವೋಲ್ಟೇಜ್ ಬಿದ್ದ ಹೋಗತೈತಿ. ಒಂದು ಮಾತು ಕೇಳತೀನ್ರಿ, ಕಂಬದಾಗ ವೋಲ್ಟೇಜ್ ಬಿದ್ರ ನಿಮ್ಮ ಅರವತ್ತು ಎಷ್ಟಕ್ಕ ಬರತೈತ್ರಿ?"

ಪಾಪ, ಕಲಿಯುವ ಆಸೆಯಿಂದ ಕೇಳಿದ್ದ. ಹಾಲೇಶ ಬೆನ್ನ ಹಿಂದೆ ಬೆರಳು ಮಡಚಿ ಎಣಿಸಿದ. ರೆಗ್ಯುಲೇಟರಿನವರು ಇಳಿಸಿದ್ದು ಒಂದು, ಕಂಬದವರು ಇಳಿಸುವುದು ಇನ್ನೊಂದು, ಅದರ ಮೇಲೆ ಪಡುವಣ ಗಾಳಿ. ಇವು ಮೂರೂ ಸೇರಿದರೆ ಎಷ್ಟು?

"ಅದನ್ನೂ ಲೆಕ್ಕದಾಗ ಹಿಡದೀನಿ" ಎಂದ. ಆಫೀಸಿನಲ್ಲಿ ನಿಜವಾದ ಇಂಜಿನಿಯರರು ಗುತ್ತಿಗೆದಾರರಿಗೆ ಹೇಳುತ್ತಿದ್ದ ಮಾತು ಅದು. ಲಕ್ಷ್ಮಣಪ್ಪ ಸಮಾಧಾನದಿಂದ ಹೋದ.

ಗೀತಾ ಮಾತ್ರ ಗಂಡನನ್ನು ಬಹಳ ಹೊತ್ತು ನೋಡಿದಳು. "ಹಿಡದೀರೇನ್ರಿ?" ಎಂದು ಕೇಳಿದಳು. ಹಾಲೇಶ ಚಪ್ಪಲಿ ಹುಡುಕತೊಡಗಿದ.

ರೊಟ್ಟಿ ಹಬ್ಬ ಬಂತು. ಓಣಿಯ ಪ್ರತಿ ಮನೆಯವರೂ ಪ್ರತಿ ಮನೆಗೆ ರೊಟ್ಟಿ ಬೀರುವ ದಿನ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬಗೆಬಗೆಯ ಪಲ್ಯ. ಪಕ್ಕೀರವ್ವನ ಒಲೆಗಳೆಲ್ಲ ಉರಿಯುತ್ತಿದ್ದವು. ಬೆಳಿಗ್ಗೆ ಎಲ್ಲವೂ ಸುಖವಾಗಿತ್ತು. ಕಾಶಿನಾಥ ಕುಷ್ಟಗಿಯಿಂದ ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಮೂಗೆಳೆದು ನೋಡಿ, "ಪರವಾಗಿಲ್ಲ ಮಾಮಾ" ಎಂದ. ಹಾಗಂದರೂ ಹಿತ್ತಲಿನಿಂದ ಹಾರೆ ತಂದು ಬಾಗಿಲಿಗೆ ಒರಗಿಸಿಟ್ಟುಕೊಂಡ. ಮಾಸ್ತರರಿಗೆ ಪರೀಕ್ಷೆ ಮುಗಿಯುವವರೆಗೆ ಯಾರ ಮೇಲೂ ನಂಬಿಕೆ ಇರುವುದಿಲ್ಲ.

ಮಧ್ಯಾಹ್ನ ಆಯಿತು. ಪಡುವಣ ಗಾಳಿ ಎದ್ದಿತು. ಗಿರಣಿಗಳೆಲ್ಲ ಒಮ್ಮೆಗೇ ಶುರುವಾದವು. ಬಲ್ಬು ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಫ್ಯಾನು ಭೋರೆನ್ನುವುದನ್ನು ಬಿಟ್ಟು ಗುಂಯ್ ಎಂದಿತು. ನಿಧಾನವಾಯಿತು. ನಿಂತಿತು. ಒಂದು ಕ್ಷಣ ಯೋಚನೆ ಮಾಡಿ, ಎದುರುಗಾಳಿಯ ಹೊಡೆತಕ್ಕೆ ಉಲ್ಟಾ ತಿರುಗಲು ಶುರುಮಾಡಿತು.

"ತಿರಗಾಕತ್ತೈತ್ರೀ! ಛಲೋ ತಿರಗಾಕತ್ತೈತಿ!" ಎಂದು ಹೊರಗಿನಿಂದ ರಫೀ ಸಂತೋಷದಿಂದ ಕೂಗಿದ.

ಹೊರಗೆ ಹೋಗಬೇಕಾದ ಹೊಗೆ ಹೋಗಲಿಲ್ಲ, ಹೋಗಿದ್ದ ಹೊಗೆಯೂ ತಿರುಗಿ ಬಂತು. ರೊಟ್ಟಿ ಬೀರಲು ಬಂದ ಓಣಿಯವರು ತಾಟು ಹಿಡಿದುಕೊಂಡು ಯಾರು ಯಾರೆಂದು ಕಾಣದೆ ತಮ್ಮ ರೊಟ್ಟಿಯನ್ನು ತಮಗೇ ಬೀರಿಕೊಂಡರು. ಹಾಲೇಶ ತಡಕಾಡಿ ರೆಗ್ಯುಲೇಟರನ್ನು ಐದಕ್ಕೆ ತಿರುವಿದ. ಐದರಲ್ಲೂ ಗುಂಯ್ ಎಂದಿತು, ಅಷ್ಟೇ.

"ಸಾಹೇಬ್ರ, ಈಗ ಎಷ್ಟು ಪರ್ಸೆಂಟ್ರಿ?" ಎಂದು ಹೊಗೆಯೊಳಗಿನಿಂದ ದ್ಯಾಮಣ್ಣನ ದನಿ ಕೇಳಿತು.

ಆಗ ಪಕ್ಕೀರವ್ವ ಕೆಮ್ಮಿದಳು. ಈ ಸಲ ಕೆಮ್ಮಿನ ಮೊದಲು ಅರ್ಧ ಮಾತೂ ಇರಲಿಲ್ಲ. ಕೆಮ್ಮು ನಿಲ್ಲಲೂ ಇಲ್ಲ. ಗೀತಾ ಮತ್ತು ಕಾಶಿನಾಥ ಆಕೆಯನ್ನು ಎರಡೂ ಕಡೆ ಹಿಡಿದು ಅಂಗಳಕ್ಕೆ ತಂದು ಕೂರಿಸಿದರು. ನೀರು ಕುಡಿಸಿದರೂ ಇಳಿಯಲಿಲ್ಲ. ಹಾಲೇಶನಿಗೆ ಹೆದರಿಕೆಯಾಯಿತು, ಮರ್ಯಾದೆಯ ಹೆದರಿಕೆಯಲ್ಲ, ಎದುರಿಗೆ ಕೂತ ಜೀವದ ಹೆದರಿಕೆ. ಕೆಮ್ಮು ಕಡೆಗೂ ಇಳಿದಾಗ ಕಾಶಿನಾಥ ಎದ್ದು ಹಾರೆ ಎತ್ತಿಕೊಂಡು ಒಲೆಯ ಕಡೆ ನಡೆದ.

"ನಿಲ್ಲು ಕಾಶಿನಾಥ" ಎಂದ ಹಾಲೇಶ. ಓಣಿಯೆಲ್ಲ ಕೇಳುವಂತೆ ಹೇಳಿದ: "ನಾ ಇಂಜಿನಿಯರ್ ಅಲ್ರಿ. ಗುಮಾಸ್ತ ಅದೀನಿ, ಟೈಪ್ ಹೊಡೀತೀನಿ. ಅರವತ್ತು ಅಂದಿದ್ದು ಸುಳ್ಳು. ಈ ಗ್ವಾಡಿಗೆ ಫ್ಯಾನು ಇಟ್ಟದ್ದ ತಪ್ಪು, ಎದುರುಗಾಳಿ ಬಂದ್ರ ಅದು ತಡಿಯೂದಿಲ್ಲ. ಅವತ್ತ ನಾ ತೂರಿದ ಹೊಟ್ಟು ತಿರುಗಿ ಒಳಗ ಹೋಗಿದ್ದು ನೋಡೀನಿ. ನೋಡಿ ಸುಮ್ನಿದ್ದೆ. ಮೂಡಲ ಗ್ವಾಡಿಗೆ ಇಡಬೇಕಿತ್ತು. ಅಲ್ಲಿ ಜಗಲಿ ಐತಂತ ಬಾಯಿ ಬಿಡಲಿಲ್ಲ."

ದ್ಯಾಮಣ್ಣ ಕಣ್ಣೊರೆಸಿಕೊಂಡ. "ನೋಡ್ರಪಾ, ಎಷ್ಟು ದೊಡ್ಡ ಗುಣ! ತಪ್ಪಾತು ಅಂತ ಎದ್ದುನಿಂತು ಒಪ್ಪಿದ ಗುಮಾಸ್ತನ್ನ ಯಾರರ ಕಂಡೀರೇನು? ಇಂಜಿನಿಯರನ ಇರಬೇಕು."

"ಹೌದ್ ಹೌದು" ಎಂದಿತು ಓಣಿ.

"ಅಲ್ರೀ, ಖರೇನ ನಾ..."

"ಸಾಕ್ರಿ ಸಾಹೇಬ್ರ, ದೊಡ್ಡಾವರು ಹಿಂಗ ಅಂತಾರ" ಎಂದು ರಫೀ ಅವನ ಕೈ ಹಿಡಿದುಕೊಂಡ.

ಪಕ್ಕೀರವ್ವ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ಮಗನ ಕೈಯಲ್ಲಿದ್ದ ಹಾರೆಯನ್ನು ನೋಡಿದಳು. ಆಮೇಲೆ ಬಾಗಿಲೊಳಗಿಂದ ಕಾಣುವ ದೇವರ ಜಗಲಿಯನ್ನು ನೋಡಿದಳು. ತನ್ನ ಅತ್ತೆಯ ಕಾಲದ ಯಲ್ಲಮ್ಮನ ಫೋಟೋ ಹೊಗೆ ಹಿಡಿದು ಹಿಡಿದು ಕಪ್ಪಾಗಿ, ಅಮ್ಮನ ಕಣ್ಣು ಎಲ್ಲಿವೆ ಎಂದು ಕುಂಕುಮ ಹಚ್ಚುವವರಿಗೆ ಮಾತ್ರ ಗೊತ್ತಿತ್ತು.

"ಆಕಿಗೂ ಹೊಗಿ ಸಾಕಾಗೇತಿ" ಎಂದಳು. ಚಿಕ್ಕ ಮಾತು, ಹೇಗೋ ಪೂರ್ತಿಯಾಯಿತು. "ಒಲಿ ಬ್ಯಾಡ, ಆ ಗ್ವಾಡಿ ಒಡಿ."

ಒಲೆ ಕೀಳಲು ತಂದ ಹಾರೆಯಿಂದಲೇ ಕಾಶಿನಾಥ ಮೂಡಣ ಗೋಡೆಗೆ ಕಂಡಿ ಹೊಡೆದ. ಅವನ ಸಿಟ್ಟಿಗೆ ಅದೊಂದು ಒಳ್ಳೆಯ ಕೆಲಸವಾಯಿತು. ರಫೀ ಫ್ಯಾನನ್ನು ಅಲ್ಲಿಗೆ ಸಾಗಿಸಿ ಕೂಡಿಸಿದ, ದೇವರನ್ನು ಪಡುವಣ ಗೋಡೆಗೆ ತಂದರು. ಈಗ ದೇವರ ಮುಖ ಮೂಡಣಕ್ಕಾಯಿತು, ಇದೇ ಶಾಸ್ತ್ರಕ್ಕೆ ಸರಿ ಎಂದು ದ್ಯಾಮಣ್ಣ ತೀರ್ಪು ಕೊಟ್ಟ. ಹೊಗೆ ಇನ್ನು ತನ್ನ ಹಿತ್ತಲಿಗೆ ಬರುವುದಿಲ್ಲವೆಂಬುದು ತೀರ್ಪಿಗೆ ಸ್ವಲ್ಪ ಸಹಾಯ ಮಾಡಿತ್ತು. ಹಳೆಯ ಕಂಡಿಯನ್ನು ಗಾಳಿ ಬರಲೆಂದು ಹಾಗೆಯೇ ಬಿಟ್ಟರು. ಎದುರಿಗೆ ನಿಂತು ಜಗಳವಾಡುತ್ತಿದ್ದ ಪಡುವಣ ಗಾಳಿ ಈಗ ಹಿಂದಿನಿಂದ ಬಂದು ಫ್ಯಾನಿಗೆ ಕೈ ಹಚ್ಚಿತು. ಉರಿ ವಾಲದಂತೆ ಎರಡಕ್ಕಿಟ್ಟರೂ ಹೊಗೆ ನಿಲ್ಲದೆ ಹೋಗುತ್ತಿತ್ತು, ರೊಟ್ಟಿಯೂ ಉಬ್ಬುತ್ತಿತ್ತು. ಎಷ್ಟು ಪರ್ಸೆಂಟ್ ಎಂದು ಕೇಳಿದವರಿಗೆ ಹಾಲೇಶ "ಗೊತ್ತಿಲ್ರಿ" ಎನ್ನುತ್ತಿದ್ದ. ಜನ ಅದರಲ್ಲೂ ಏನೋ ಗುಟ್ಟಿದೆ ಎಂದುಕೊಂಡರು.

ಗಣಪತಿ ಹಬ್ಬಕ್ಕೆ ಹಾಲೇಶ ಮತ್ತೆ ಹೋದಾಗ ಒಂದು ಘಟನೆ ನಡೆಯಿತು. ಮಧ್ಯಾಹ್ನ ಕರೆಂಟ್ ಪೂರ್ತಿ ಹೋಯಿತು. ಗಿರಣಿಗಳು ನಿಂತವು, ಓಣಿಯ ಟೀವಿಗಳು ನಿಂತವು. ಪಕ್ಕೀರವ್ವನ ಫ್ಯಾನು ಮಾತ್ರ ಪಡುವಣ ಗಾಳಿಗೆ ಸಿಕ್ಕು, ಹೊಗೆಯನ್ನು ಹೊರಗೆ ತಳ್ಳುತ್ತ, ಗಿರ್ರನೆ ತಿರುಗುತ್ತಲೇ ಇತ್ತು. ಕಂಬದ ಮೇಲಿದ್ದ ಲಕ್ಷ್ಮಣಪ್ಪ ಅದನ್ನು ಕಂಡ. ತನ್ನ ಕೈಯಾರೆ ಲೈನು ಬಂದ್ ಮಾಡಿದ್ದಾನೆ, ಫ್ಯಾನು ತಿರುಗುತ್ತಿದೆ. ಅವನು ಗಡಗಡ ಕೆಳಗಿಳಿದು ಓಡಿ ಬಂದ.

"ಕರೆಂಟಿಲ್ಲದ ತಿರಗತೈತಿ! ಸಾಹೇಬ್ರು ಕರೆಂಟಿಲ್ಲದ ಫ್ಯಾನು ಮಾಡ್ಯಾರ!"

ಓಣಿ ಕೂಡಿತು. ಎಲ್ಲರೂ ತಲೆಯೆತ್ತಿ ಫ್ಯಾನನ್ನೂ, ತಲೆ ಇಳಿಸಿ ಹಾಲೇಶನನ್ನೂ ನೋಡಿದರು. ಯಾರೋ ಕುರ್ಚಿ ತಂದು ಒರೆಸಿದರು. ಹಾಲೇಶ ಕೂರಲಿಲ್ಲ. ಬಾಯಿ ತೆರೆದ, ಆದರೆ ಏನು ಹೇಳಿದರೂ ಇವರು ಅದನ್ನು ವಿನಯ ಎನ್ನುತ್ತಾರೆಂದು ತಿಳಿದು ಮುಚ್ಚಿದ.

ಆಗ ಪಕ್ಕೀರವ್ವ ಕೈಯ ಹಿಟ್ಟು ಝಾಡಿಸಿಕೊಂಡು ಹೊಸ್ತಿಲಿಗೆ ಬಂದಳು.

"ಎಲ್ಲಾರೂ ಕೇಳ್ರಿ ಇಲ್ಲಿ. ಆ ಫ್ಯಾನು ತಿರಗಸಾಕತ್ತಿದ್ದು ಗಾಳಿ, ನಮ್ಮ ಅಳಿಯಾರು ಅಲ್ಲ, ಅವರು ಕೊಪ್ಪಳದಾಗ ಇಂಜಿನಿಯರ್ ಆಫೀಸಿನ್ಯಾಗ ಗುಮಾಸ್ತ ಅದಾರ, ಮದುವಿ ದಿನದಿಂದ ಇದನ್ನ ಹೇಳಬೇಕಂತ ಮಾಡೀನಿ!"

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಳಿಯಗ ದೃಷ್ಟಿ ಆಗಬಾರದಂತ ಹಂಗ ಅಂತಾಳ ಯಕ್ಕ" ಎಂದ ದ್ಯಾಮಣ್ಣ. ಅದು ಎಲ್ಲರಿಗೂ ಸರಿ ಕಂಡಿತು. ಒಬ್ಬಳು ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ಹಾಲೇಶನಿಗೆ ನಿವಾಳಿಸಿಯೇ ಬಿಟ್ಟಳು.

ಹಾಲೇಶನಿಗೆ ಅದಾವುದೂ ಕೇಳಿಸಲಿಲ್ಲ. ಅವನು ಅತ್ತೆಯನ್ನೇ ನೋಡುತ್ತಿದ್ದ. ಗೀತಾಳೂ ನೋಡುತ್ತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಅಷ್ಟುದ್ದದ ಮಾತು, ಮೊದಲರ್ಧವೂ ಬಂದಿತ್ತು, ಉಳಿದರ್ಧವೂ ಬಂದಿತ್ತು, ನಡುವೆ ಎಲ್ಲಿಯೂ ಕೆಮ್ಮು ಬಂದಿರಲಿಲ್ಲ.

"ಒಳಗ ಬರ್ರಿ ಅಳಿಯಾರ, ರೊಟ್ಟಿ ಬಿಸಿ ಅದಾವು" ಎಂದಳು ಪಕ್ಕೀರವ್ವ. ಅದನ್ನೂ ಪೂರ್ತಿ ಹೇಳಿದಳು.